ಲಂಡನ್ನಿನಲ್ಲಿ ಕಾಲು ಕಲಿಸಿದ ಪಾಠ

ವಿದೇಶ ಪ್ರವಾಸ ಮುಗಿಸಿ ಬಂದವರನ್ನು ಮಾತನಾಡಿಸಿ ನೋಡಿ. ಅಲ್ಲಿಯ ರಸ್ತೆ, ರೈಲು, ಅರಮನೆ, ಚಳಿ, ಊಟದ ಫಜೀತಿ ಎಲ್ಲವನ್ನೂ ಬಾಯ್ತುಂಬ ಹೇಳುತ್ತಾರೆ. ಫೋಟೋ ತೋರಿಸುತ್ತಾರೆ. ಆದರೆ ಆ ಫೋಟೋ ತೆಗೆಸಿಕೊಂಡ ದಿನ ರಾತ್ರಿ ಕಾಲು ಎಷ್ಟು ನೋಯಿತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಫೋಟೋದಲ್ಲಿ ಮುಖ ಇರುತ್ತದೆ, ಪಾದ ಇರುವುದಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಆ ಪಾದದ ಕಥೆ. ನಗು ಬಂದರೆ ನಕ್ಕುಬಿಡಿ. ಆದರೆ ಕೊನೆಯವರೆಗೆ ಓದಿ.

2019ರ ಮೇ ತಿಂಗಳು. ಚುನಾವಣೆಯ ಕೆಲಸ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಎರಡೂ ಮುಗಿದಿದ್ದವು. ಶಾಲೆಗೆ ಬೇಸಿಗೆ ರಜೆ. ಮಗಳು ಲಂಡನ್ನಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ‘ನಾನು ಇಲ್ಲಿರುವಾಗಲೇ ಬಂದುಹೋಗಿ’ ಎಂದು ವರ್ಷವಿಡೀ ಕರೆಯುತ್ತಿದ್ದಳು. ತಿಪಟೂರಿನಿಂದ ಹೊರಟ ನಾನೂ ನನ್ನಾಕೆಯೂ ಕೊಬ್ಬರಿ ಎಣ್ಣೆ, ಚಟ್ನಿಪುಡಿ, ಹುರಿಗಡಲೆ ಸಮೇತ ಅಲ್ಲಿಗೆ ಹೋಗಿ ಇಳಿದೆವು.

ವಿಜ್ಞಾನದ ಮೇಷ್ಟರಿಗೆ ಲಂಡನ್ ಎಂದರೆ ಕಾಶಿಯಿದ್ದಂತೆ. ನ್ಯೂಟನ್, ಫ್ಯಾರಡೆ, ಹುಕ್, ಡಾರ್ವಿನ್ ಎಂದು ಇಪ್ಪತ್ತೈದು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಹೆಸರುಗಳೆಲ್ಲ ಅಲ್ಲಿ ಕಲ್ಲಿನಲ್ಲಿ ಕೆತ್ತಿ ನಿಂತಿವೆ. ಒಂದು ಗುರುವಾರ ಎಲ್ಲವನ್ನೂ ನೋಡಿಬಿಡಬೇಕೆಂದು ಹಿಂದಿನ ರಾತ್ರಿಯೇ ಕೂತು ಶಾಲೆಯ ವೇಳಾಪಟ್ಟಿಯಂತೆ ಒಂದು ಪಟ್ಟಿ ಬರೆದೆ. ಎಂಟೂವರೆಗೆ ಒಂದು, ಒಂಬತ್ತೂವರೆಗೆ ಇನ್ನೊಂದು, ಹನ್ನೆರಡಕ್ಕೆ ಮತ್ತೊಂದು. ಮಗಳು ಅದನ್ನು ನೋಡಿ, “ಅಪ್ಪ, ಇದರಲ್ಲಿ ಇಂಟರ್‌ವಲ್ಲೇ ಇಲ್ವಲ್ಲ?” ಎಂದಳು. ನಾನು ನಕ್ಕು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಈ ಪ್ರವಾಸಕ್ಕೆಂದೇ ಹೊಸ ಲೆದರ್ ಶೂ ಕೊಂಡಿದ್ದೆ. ಅಂಗಡಿಯವನು ಬಾಗಿಲು ತೆಗೆಯುತ್ತಿದ್ದ ಹೊತ್ತಿಗೇ ಹೋಗಿ ಕೊಂಡಿದ್ದೆ. ಬೆಳಗಿನ ಪಾದಕ್ಕೆ ಅದು ಸರಿಯಾಗಿ ಕೂತಿತ್ತು.

ಮೊದಲು ಹೋದದ್ದು ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ. ಅಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು. ನದಿಯ ಆಚೆಗೆ ಬ್ರಿಟಿಷರ ಸಂಸತ್ ಭವನ ಕಾಣುತ್ತದೆ. ಕೈಮುಗಿದು ನಿಂತಾಗ, ದೇಹವನ್ನು ಗುಡಿಗೆ ಹೋಲಿಸಿದ ಅವರ ವಚನ ನೆನಪಾಯಿತು. ಅದರಲ್ಲಿ ಕಾಲನ್ನು ಯಾವುದಕ್ಕೆ ಹೋಲಿಸಿದ್ದಾರೆಂದು ಕನ್ನಡ ಶಾಲೆಯ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ನೆನಪಾಯಿತೇ ಹೊರತು ಬುದ್ಧಿ ಬರಲಿಲ್ಲ.

ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ನಡೆದೆವು. ಹೊರಗೆ ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತೆವು, ಒಳಗೆ ಎರಡು ಗಂಟೆ ಕಲ್ಲು ಹಾಸಿನ ಮೇಲೆ ನಿಂತೆವು. 1727ರಲ್ಲಿ ತೀರಿಕೊಂಡ ನ್ಯೂಟನ್‌ನ ಸಮಾಧಿ, 1882ರಲ್ಲಿ ತೀರಿಕೊಂಡ ಡಾರ್ವಿನ್‌ನ ಸಮಾಧಿ, ಅವೆರಡರ ನಡುವೆ 2018ರಲ್ಲಿ ಇಟ್ಟ ಸ್ಟೀಫನ್ ಹಾಕಿಂಗ್ ಅವರ ಚಿತಾಭಸ್ಮ. ನನಗೆ ಕಣ್ಣು ತುಂಬಿ ಬಂತು. ಒಂದು ಕಡೆ ಕುರ್ಚಿಗಳಿದ್ದವು. “ಅಪ್ಪ, ಐದು ನಿಮಿಷ ಕೂತ್ಕೊಳ್ಳೋಣ” ಎಂದಳು ಮಗಳು. “ಕೂರೋದಕ್ಕೆ ಊರಿದೆಯಲ್ಲಮ್ಮ” ಎಂದೆ. ಅವಳೂ ಅವಳಮ್ಮನೂ ಕೂತರು. ನಾನು ನಿಂತೇ ಇದ್ದೆ.

ನಡೆಯುವುದಕ್ಕಿಂತ ನಿಲ್ಲುವುದು ಹೆಚ್ಚು ದಣಿವು ತರುತ್ತದೆ. ವಸ್ತುಸಂಗ್ರಹಾಲಯ ನೋಡಿದವರಿಗೆಲ್ಲ ಇದು ಗೊತ್ತು. ಕಾರಣ ಸರಳವಾದದ್ದು. ಹೃದಯ ಒತ್ತಿದ ರಕ್ತ ಪಾದಕ್ಕೆ ಸುಲಭವಾಗಿ ಇಳಿಯುತ್ತದೆ. ಮೇಲಕ್ಕೆ ಹಿಂದಿರುಗುವುದು ಗುರುತ್ವಕ್ಕೆ ವಿರುದ್ಧವಾದ ಪ್ರಯಾಣ. ನಡೆಯುವಾಗ ಮೀನಖಂಡದ ಸ್ನಾಯುಗಳು ಸಂಕುಚಿಸಿದಾಗಲೆಲ್ಲ ಒಳಗಿನ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಹಿಂದೆ ಜಾರದಂತೆ ತಡೆಯಲು ಅಭಿಧಮನಿಗಳಲ್ಲಿ ಕವಾಟಗಳಿವೆ. ಅದಕ್ಕೇ ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದುಂಟು. ಸುಮ್ಮನೆ ನಿಂತರೆ ಈ ಪಂಪು ಕೆಲಸ ನಿಲ್ಲಿಸುತ್ತದೆ. ರಕ್ತ ಕೆಳಗೇ ತುಂಬಿಕೊಂಡು, ಅದರೊಳಗಿನ ನೀರಿನಂಶ ಒಸರಿ ಪಾದ ಊದಿಕೊಳ್ಳುತ್ತದೆ. ಬೆಳಿಗ್ಗೆ ಸರಿಹೊಂದಿದ ಶೂ ಮಧ್ಯಾಹ್ನಕ್ಕೆ ಬಿಗಿಯಾಗುವುದು ಹೀಗೆ.

ಅಬ್ಬೆಯಿಂದ ಸೇಂಟ್ ಜೇಮ್ಸ್ ಉದ್ಯಾನವನ್ನು ಹಾದು ಆಲ್ಬಮಾರ್ಲ್ ರಸ್ತೆಯ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಹೋದೆವು. ಪುಸ್ತಕ ಕಟ್ಟುವವನ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೈಕೆಲ್ ಫ್ಯಾರಡೆ ವಿಜ್ಞಾನಿಯಾಗಿ ಬೆಳೆದ ಮನೆ ಅದು. ವಿದ್ಯುತ್ಕಾಂತೀಯ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿಯಲು ಆತ ತಂತಿ ಸುತ್ತಿದ ಕಬ್ಬಿಣದ ಬಳೆ ನೆಲಮಾಳಿಗೆಯ ಸಂಗ್ರಹಾಲಯದಲ್ಲಿತ್ತು. ಬರಿಗಣ್ಣಿಗೆ ಏನೂ ಅಲ್ಲದ ವಸ್ತು. ನಮ್ಮ ಮನೆಯ ದೀಪ ಉರಿಯುವುದು ಅದರ ದಯೆಯಿಂದ. ಅಲ್ಲೂ ಒಂದು ಗಂಟೆ ನಿಂತೆ.

ಮಧ್ಯಾಹ್ನದ ಊಟವೆಂದರೆ ನಡೆಯುತ್ತಲೇ ತಿಂದ ಒಂದೊಂದು ಸ್ಯಾಂಡ್‌ವಿಚ್ಚು. ಆಮೇಲೆ ನೆಲದಡಿಯ ರೈಲು ಹತ್ತಿ ಮಾನ್ಯುಮೆಂಟ್ ನಿಲ್ದಾಣದಲ್ಲಿ ಇಳಿದೆವು. 1666ರ ಮಹಾ ಬೆಂಕಿಯ ನೆನಪಿಗಾಗಿ 1671ರಿಂದ 1677ರವರೆಗೆ ಕಟ್ಟಿದ ಕಲ್ಲಿನ ಕಂಬ ಅಲ್ಲಿದೆ. ಎತ್ತರ 202 ಅಡಿ. ಬೆಂಕಿ ಹೊತ್ತಿಕೊಂಡ ಪುಡಿಂಗ್ ಲೇನಿನ ಜಾಗವೂ ಅದರಿಂದ ಅಷ್ಟೇ ದೂರ. ಕಟ್ಟಿದವರು ಕ್ರಿಸ್ಟೋಫರ್ ರೆನ್ ಮತ್ತು ನಮ್ಮ ಹುಕ್ಕನ ನಿಯಮದ ರಾಬರ್ಟ್ ಹುಕ್. ಕಂಬದ ಒಳಗಿನ ಪೊಳ್ಳನ್ನು ದೂರದರ್ಶಕದಂತೆ ಬಳಸಿ ನೆತ್ತಿಯ ನಕ್ಷತ್ರಗಳನ್ನು ನೋಡುವ ಯೋಚನೆಯೂ ಹುಕ್‌ಗೆ ಇತ್ತು. ಪ್ರಯೋಗಕ್ಕೆ ಅನುಕೂಲವಾಗಲೆಂದು ಪ್ರತಿ ಮೆಟ್ಟಿಲನ್ನೂ ಕರಾರುವಾಕ್ಕಾಗಿ ಆರಂಗುಲಕ್ಕೆ ಮಾಡಿಸಿದ್ದಾನೆ. ಮೆಟ್ಟಿಲುಗಳು 311.

ನನ್ನಾಕೆ ಕೆಳಗೇ ಕೂತಳು. “ರೀ, ನೀವೂ ಬೇಡ” ಎಂದಳು. ಶ್ರವಣಬೆಳಗೊಳದ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿದವನಿಗೆ ಇದೇನು ದೊಡ್ಡದು ಎಂದುಬಿಟ್ಟೆ. ಆಗ ನನಗೆ ಮೂವತ್ತು ವರ್ಷವಾಗಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಗಳ ಜೊತೆ ಹತ್ತಿದೆ, ಲಂಡನ್ ನೋಡಿದೆ, ಇಳಿದೆ. ಹತ್ತಿಳಿದವರಿಗೆ ಒಂದು ಪ್ರಮಾಣಪತ್ರವನ್ನೂ ಕೊಟ್ಟರು.

ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. ಆರಂಗುಲದ 311 ಮೆಟ್ಟಿಲೆಂದರೆ ಸುಮಾರು 47 ಮೀಟರ್. ನನ್ನ ತೂಕ 72 ಕಿಲೋ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 33,000 ಜೂಲ್. ಎಂದರೆ ಬರೀ 8 ಕಿಲೋಕ್ಯಾಲರಿ. ಸ್ನಾಯುಗಳು ಬಳಸಿದ ಶಕ್ತಿಯಲ್ಲಿ ಕಾಲುಭಾಗ ಮಾತ್ರ ಕೆಲಸಕ್ಕೆ ಬಂದು ಉಳಿದದ್ದು ಶಾಖವಾಗುತ್ತದೆಂದು ಹಿಡಿದರೂ 32 ಕಿಲೋಕ್ಯಾಲರಿ. ಒಂದು ಇಡ್ಲಿಯ ಬೆಲೆಯೂ ಇಲ್ಲ! ಹಾಗಾದರೆ ಎರಡು ದಿನ ತೊಡೆ ಹಿಡಿದುಕೊಂಡು ‘ಅಯ್ಯೋ’ ಎಂದದ್ದು ಯಾಕೆ?

ಉತ್ತರ ಇಳಿಯುವುದರಲ್ಲಿದೆ. ಹತ್ತುವಾಗ ತೊಡೆಯ ಸ್ನಾಯು ಸಂಕುಚಿಸುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ದೇಹ ದೊಪ್ಪನೆ ಬೀಳದಂತೆ ಬ್ರೇಕು ಹಾಕಬೇಕು. ಆಗ ಅದೇ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗುತ್ತದೆ. ಬಿಗಿಹಿಡಿದದ್ದನ್ನು ಎಳೆದರೆ ಎಳೆಗಳು ಅಲ್ಲಲ್ಲಿ ಸೂಕ್ಷ್ಮವಾಗಿ ಹರಿಯುತ್ತವೆ. ದೇಹ ಅದನ್ನು ದುರಸ್ತಿ ಮಾಡುವಾಗ ನೋವು ಹುಟ್ಟುತ್ತದೆ. ಅದಕ್ಕೇ ಈ ನೋವು ಅಂದು ಬರುವುದಿಲ್ಲ. ಮರುದಿನ, ಅದರ ಮರುದಿನ ಬರುತ್ತದೆ. ನಾನು ಎಷ್ಟೋ ವರ್ಷ ತರಗತಿಯಲ್ಲಿ ‘ಮರುದಿನದ ಮೈಕೈನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ’ ಎಂದು ಹೇಳಿದ್ದೇನೆ. ಅದು ತಪ್ಪು. ವಿಶ್ರಾಂತಿ ಪಡೆದ ಒಂದೆರಡು ಗಂಟೆಯಲ್ಲಿ ಅದು ರಕ್ತದಿಂದ ಕರಗಿಹೋಗುತ್ತದೆ. ನನ್ನಿಂದ ಪಾಠ ಕೇಳಿದವರು ಇದನ್ನು ಓದುತ್ತಿದ್ದರೆ ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ.

ಅಷ್ಟಕ್ಕೂ ನಿಲ್ಲಲಿಲ್ಲ. ಪಕ್ಕದ ಬ್ಯಾಂಕ್ ನಿಲ್ದಾಣದಿಂದ ರೈಲು ಹಿಡಿದು ಗ್ರೀನಿಚ್ಚಿಗೆ ಹೋದೆವು. 1675ರಲ್ಲಿ ಸ್ಥಾಪನೆಯಾದ ರಾಯಲ್ ವೀಕ್ಷಣಾಲಯ ಗುಡ್ಡದ ಮೇಲಿದೆ. 1884ರಲ್ಲಿ ಜಗತ್ತಿನ ರಾಷ್ಟ್ರಗಳ ಪ್ರತಿನಿಧಿಗಳು ಒಪ್ಪಿಕೊಂಡ ಸೊನ್ನೆ ಡಿಗ್ರಿ ರೇಖಾಂಶದ ಮೇಲೆ, ಒಂದು ಕಾಲು ಪೂರ್ವಕ್ಕೆ ಒಂದು ಕಾಲು ಪಶ್ಚಿಮಕ್ಕೆ ಇಟ್ಟು ಫೋಟೋ ತೆಗೆಸಿಕೊಂಡೆ. ಗುಡ್ಡ ಇಳಿದ ಮೇಲೆ, ಥೇಮ್ಸ್ ನದಿಯ ಅಡಿಯಲ್ಲಿ 1902ರಲ್ಲಿ ತೆರೆದ ಕಾಲುದಾರಿಯ ಸುರಂಗವೊಂದಿದೆಯೆಂದು ತಿಳಿಯಿತು. ಉದ್ದ 370 ಮೀಟರ್. ಬಿಡುವುದುಂಟೇ? ಅದನ್ನೂ ನಡೆದೆವು. ಇಷ್ಟು ಹೊತ್ತೂ ನನಗೆ ಪಾದ ನೋಯಲೇ ಇಲ್ಲ. ಐವತ್ತು ದಾಟಿದರೂ ಗಟ್ಟಿಯಾಗಿದ್ದೇನೆಂದು ಒಳಗೊಳಗೇ ಹೆಮ್ಮೆಪಟ್ಟೆ.

ರಾತ್ರಿ ಒಂಬತ್ತಕ್ಕೆ ಮಗಳ ಕೋಣೆ ಸೇರಿ ಶೂ ಕಳಚಿದೆ. ಮೊದಲು ನೋಡಿದವಳು ನನ್ನಾಕೆ. “ಇದೇನ್ರೀ, ಕಾಲುಚೀಲ ಕೆಂಪಗಿದೆ?” ಬಲಗಾಲಿನ ಕಾಲುಚೀಲ ಹೆಬ್ಬೆರಳಿನ ಬುಡಕ್ಕೆ ಅಂಟಿಕೊಂಡಿತ್ತು. ಮಗಳು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿದಳು. ಎಂಟಾಣೆ ಅಗಲದ ಬೊಬ್ಬೆ ಎದ್ದು, ಒಡೆದು, ಚರ್ಮ ಸುಲಿದು ಹಸಿ ಮಾಂಸ ಕಾಣುತ್ತಿತ್ತು.

“ಅಪ್ಪ, ನೋಯಲಿಲ್ವಾ?”

“ಇಲ್ಲ.”

ಕೋಣೆಯಲ್ಲಿ ಮೂವರೂ ಸುಮ್ಮನಾದೆವು. ಶೂ ಕಚ್ಚಿದರೆ ನೋಯಬೇಕು. ಇಷ್ಟು ದೊಡ್ಡ ಗಾಯಕ್ಕೆ ಕುಂಟಬೇಕು. ನಾನು ಅದರ ಮೇಲೆಯೇ ಸುರಂಗ ನಡೆದಿದ್ದೆ. ನನಗೆ ಏಳು ವರ್ಷದಿಂದ ಸಕ್ಕರೆ ಕಾಯಿಲೆ ಇದೆಯೆಂಬುದು ಮನೆಯವರಿಗೆ ಗೊತ್ತಿತ್ತು. ಒಂದು ವರ್ಷದಿಂದ ಕಾಲ್ಬೆರಳುಗಳು ರಾತ್ರಿ ಹೊತ್ತು ಜುಮ್ಮೆನ್ನುತ್ತಿದ್ದುದು ಮಾತ್ರ ನನಗೊಬ್ಬನಿಗೇ ಗೊತ್ತಿತ್ತು. ಮಗಳ ಓದಿನ ಸಾಲ, ಮನೆಯ ಖರ್ಚು, ಇದೊಂದು ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ನೋವು ದೇಹದ ಕಾವಲುಗಾರ ಎಂದು ಹತ್ತನೆಯ ತರಗತಿಯಲ್ಲಿ ಪಾಠ ಮಾಡುವವನು ನಾನು. ನನ್ನದೇ ಕಾವಲುಗಾರ ನಿದ್ದೆಹೋಗಿದ್ದ.

ಮಗಳು ಮಂಚದ ಕೆಳಗಿನಿಂದ ಒಂದು ಡಬ್ಬಿ ಎಳೆದಳು. ಅದರ ತುಂಬ ಅಂಟುಪಟ್ಟಿ, ಹತ್ತಿ, ಗಾಜ್ ಬಟ್ಟೆ, ಹಿಮ್ಮಡಿಗೆ ಇಡುವ ಮೆತ್ತೆ. ಪಳಗಿದ ಕೈಯಿಂದ ಗಾಯ ತೊಳೆದು ಪಟ್ಟಿ ಕಟ್ಟಿದಳು. “ಇಷ್ಟೆಲ್ಲ ನಿನ್ನ ಹತ್ತಿರ ಯಾಕಿದೆ?” ಎಂದು ಅವಳಮ್ಮ ಕೇಳಿದಳು.

ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. ಶನಿವಾರ, ಭಾನುವಾರ ಒಂದು ಅಂಗಡಿಯಲ್ಲಿ ಕೆಲಸ. ಒಂಬತ್ತು ತಿಂಗಳಾಯಿತು. ದಿನಕ್ಕೆ ಎಂಟು ಗಂಟೆ ನಿಂತಿರಬೇಕು, ಕೂರುವಂತಿಲ್ಲ. ಮೊದಲ ತಿಂಗಳು ಹಿಮ್ಮಡಿ ನೋವಿನಿಂದ ಬೆಳಿಗ್ಗೆ ನೆಲಕ್ಕೆ ಕಾಲೂರಲು ಆಗುತ್ತಿರಲಿಲ್ಲವಂತೆ. “ನಿಮಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಅಪ್ಪ.” ಬೆಂಚು ಕಂಡಲ್ಲೆಲ್ಲ ಅವಳು ಕೂರೋಣವೆಂದದ್ದು ಯಾಕೆಂದು ಆಗ ತಿಳಿಯಿತು. ಅವಳು ಹಾಕಿಕೊಂಡಿದ್ದ ಹಳೆಯ ಮೆತ್ತನೆಯ ಶೂ ನೋಡಿ ‘ಲಂಡನ್ನಿಗೆ ಬಂದೂ ಇದೇನಮ್ಮ’ ಎಂದು ಬೆಳಿಗ್ಗೆ ನಾನೇ ಗೊಣಗಿದ್ದೆ.

“ಅಪ್ಪ ಮಗಳು ಇಬ್ಬರೂ ಒಂದೇ ಅಚ್ಚು” ಎಂದಳು ನನ್ನಾಕೆ. ಕೋಪವೋ ಅಳುವೋ ಗೊತ್ತಾಗಲಿಲ್ಲ.

ಮಲಗುವ ಮುನ್ನ ಮೊಬೈಲು ನೋಡಿದೆ. ಅಂದು ನಡೆದದ್ದು 24,000 ಹೆಜ್ಜೆ. ಹೆಜ್ಜೆಗೆ 0.7 ಮೀಟರಿನಂತೆ ಸುಮಾರು 17 ಕಿಲೋಮೀಟರ್. ಊರಿನಲ್ಲಿ ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆದರೆ ಹೆಚ್ಚು. ಒಂದೊಂದು ಪಾದ 12,000 ಸಲ ನೆಲ ಮುಟ್ಟಿದೆ. ಮುಟ್ಟಿದಾಗಲೆಲ್ಲ ಕಡಿಮೆಯೆಂದರೂ 72 ಕಿಲೋ ತೂಕ ಹೊತ್ತಿದೆ. ಗುಣಿಸಿದರೆ 864 ಟನ್! ದೇಹದ 206 ಮೂಳೆಗಳಲ್ಲಿ 52 ಪಾದಗಳೆರಡರಲ್ಲೇ ಇರುವುದು ಸುಮ್ಮನೆ ಅಲ್ಲ. ಬೊಬ್ಬೆ ಏಳುವುದು ಬರೀ ಉಜ್ಜುವಿಕೆಯಿಂದಲ್ಲ. ಬಿಗಿಯಾದ ಶೂನೊಳಗೆ ಬೆವೆತ ಚರ್ಮ ಕಾಲುಚೀಲಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ, ಒಳಗಿನ ಮೂಳೆ ಮಾತ್ರ ಹಿಂದೆ ಮುಂದೆ ಸರಿಯುತ್ತದೆ. ನಡುವಿನ ಚರ್ಮದ ಪದರಗಳು ಸಾವಿರಾರು ಸಲ ಜಗ್ಗಿ ಒಂದರಿಂದ ಒಂದು ಬಿಟ್ಟುಕೊಳ್ಳುತ್ತವೆ. ಆ ಸಂದಿನಲ್ಲಿ ನೀರು ತುಂಬುತ್ತದೆ. ಸ್ಪ್ರಿಂಗಿಗೆ ಒಂದು ಸ್ಥಿತಿಸ್ಥಾಪಕ ಮಿತಿ ಇರುತ್ತದೆ, ಅದು ಮೀರಿದರೆ ಮೊದಲಿನಂತಾಗುವುದಿಲ್ಲ ಎಂದು ಪಾಠ ಮಾಡುತ್ತೇವೆ. ಚರ್ಮಕ್ಕೂ ಮೇಷ್ಟರಿಗೂ ಅದು ಇದೆ.

ಮರುದಿನ ಔಷಧದ ಅಂಗಡಿಯವರು ಗಾಯ ನೋಡಿ, ಸಕ್ಕರೆ ಕಾಯಿಲೆಯೆಂದು ಕೇಳಿದ ಕೂಡಲೇ ‘ಇಲ್ಲಿ ಮುಲಾಮು ಕೊಂಡು ಹೋಗಬೇಡಿ, ಇವತ್ತೇ ವೈದ್ಯರಿಗೆ ತೋರಿಸಿ’ ಎಂದರು. ಪ್ರವಾಸ ವಿಮೆ ಇದ್ದದ್ದರಿಂದ ಖರ್ಚಿನ ಭಯವಿಲ್ಲದೆ ಒಂದು ಕ್ಲಿನಿಕ್ಕಿಗೆ ಹೋದೆವು. ಗಾಯ ಶುದ್ಧಮಾಡಿ ಕಟ್ಟಿದರು. ಆ ಕಾಲಿನ ಮೇಲೆ ಭಾರ ಹಾಕಬಾರದು. ದಿನವೂ ಗಾಯ ನೋಡಬೇಕು. ಕೆಂಪೇರಿದರೆ, ಬಿಸಿಯಾದರೆ, ಕೀವು ಬಂದರೆ ಕಾಯದೆ ಬರಬೇಕು ಎಂದರು.

ಹೀಗಾಗಿ ಪಟ್ಟಿಯಲ್ಲಿದ್ದ ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಎರಡೂ ಹೋದವು. ಉಳಿದ ದಿನಗಳನ್ನು ಮಗಳ ಕೋಣೆಯಲ್ಲಿ, ಎದುರಿನ ಸಣ್ಣ ಉದ್ಯಾನದ ಬೆಂಚಿನ ಮೇಲೆ ಕಳೆದೆ. ತೊಡೆ ನೋವಿನಿಂದ ಬೆಂಚಿನ ಮೇಲೆ ಕೂರುವುದೂ ಏಳುವುದೂ ಒಂದು ಸಾಹಸವಾಗಿತ್ತು. ಮಗಳು ಪಕ್ಕದಲ್ಲಿ ಕೂತು ತನ್ನ ಪ್ರಬಂಧದ ವಿಷಯ, ತನ್ನ ಅಡುಗೆ, ತನ್ನ ಒಂಟಿತನ ಎಲ್ಲ ಹೇಳಿದಳು. ಓಡುತ್ತಿದ್ದ ಅಪ್ಪನಿಗೆ ಅವಳು ಇದನ್ನು ಹೇಳಲು ಸಾಧ್ಯವಿರಲಿಲ್ಲ. ಶನಿವಾರ ಸಂಜೆ ಕೆಲಸದಿಂದ ಬಂದವಳು ಚಾಪೆಯ ಮೇಲೆ ಮಲಗಿ ಕಾಲುಗಳನ್ನು ಗೋಡೆಗೆ ಎತ್ತಿಟ್ಟಳು. ಅವಳಮ್ಮ ತಿಪಟೂರಿನ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಮೀನಖಂಡ ನೀವಿದಳು. ಅಷ್ಟು ದೂರ ಆ ಎಣ್ಣೆ ಹೊತ್ತದ್ದು ಸಾರ್ಥಕವಾಯಿತು.

ಗಾಯ ಮಾಯಲು ನಾಲ್ಕು ವಾರ ಬೇಕಾಯಿತು. ಊರಿಗೆ ಬಂದ ಮೇಲೆ ವೈದ್ಯರು ಒಂದು ಪರೀಕ್ಷೆ ಮಾಡಿದರು. ನೈಲಾನ್ ಎಳೆಯೊಂದನ್ನು ಅದು ಬಾಗುವವರೆಗೆ ಪಾದಕ್ಕೆ ಒತ್ತುತ್ತಾರೆ. ಬಾಗುವಾಗ ಅದು ಒತ್ತುವುದು ಹತ್ತು ಗ್ರಾಂ ತೂಕದಷ್ಟು. ಕಣ್ಣು ಮುಚ್ಚಿಕೊಂಡು, ಮುಟ್ಟಿದ್ದು ತಿಳಿದಾಗ ಹೇಳಬೇಕು. ಹತ್ತು ಕಡೆ ಒತ್ತಿದರು. ಏಳು ಸಲ ಹೇಳಿದೆ. ಮೂರು ಕಡೆ ಒತ್ತಿದ್ದು ನನಗೆ ತಿಳಿಯಲೇ ಇಲ್ಲ. ಪರೀಕ್ಷೆಯಲ್ಲಿ ಹತ್ತಕ್ಕೆ ಏಳು ಒಳ್ಳೆಯ ಅಂಕ. ಅಂದು ಮಾತ್ರ ಆ ಅಂಕ ನೋಡಿ ಕೈ ತಣ್ಣಗಾಯಿತು. ವರ್ಷದ ಹಿಂದೆಯೇ ಬಂದಿದ್ದರೆ ಕೊಂಡ ಶೂ ಬೇರೆಯಾಗಿರುತ್ತಿತ್ತು, ನಡೆದ ರೀತಿಯೂ ಬೇರೆಯಾಗಿರುತ್ತಿತ್ತು.

ಪ್ರವಾಸ ಹೊರಡುವವರಿಗೆ ನಾಲ್ಕು ಮಾತು. ಶೂ ಕೊಳ್ಳುವುದಾದರೆ ಪಾದ ಊದಿರುವ ಸಂಜೆ ಹೊತ್ತು ಕೊಳ್ಳಿ; ಹೊರಡುವ ಒಂದು ತಿಂಗಳ ಮುಂಚೆಯಿಂದ ಅದನ್ನೇ ಹಾಕಿ ಸ್ವಲ್ಪ ಸ್ವಲ್ಪ ನಡೆಯಿರಿ. ಬದಲಾಯಿಸಲು ಒಂದು ಜೊತೆ ಒಣ ಕಾಲುಚೀಲ ಚೀಲದಲ್ಲಿರಲಿ. ಗಂಟೆಗೊಮ್ಮೆ ಕೂತು ನೀರು ಕುಡಿಯಿರಿ. ರಾತ್ರಿ ಪಾದವನ್ನು ತಿರುಗಿಸಿ, ಅಡಿ ಭಾಗವನ್ನೂ ಬೆರಳ ಸಂದಿಯನ್ನೂ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಯಿರುವ ತಂದೆತಾಯಿಯಾದರೆ ಮಕ್ಕಳೇ ನೋಡಲಿ. ಅವರ ಕಣ್ಣು ಚುರುಕು.

ಈಗ ಶಾಲೆಯ ಶೈಕ್ಷಣಿಕ ಪ್ರವಾಸಕ್ಕೆ ವೇಳಾಪಟ್ಟಿ ಬರೆಯುವಾಗ ನಾನು ಇಂಟರ್‌ವಲ್ ಬಿಡುವುದಿಲ್ಲ. ನೋಡುವ ಜಾಗ ಒಂದು ಕಡಿಮೆಯಾದರೆ ಆಗಲಿ. ಮಗಳು ಓದು ಮುಗಿಸಿ ಕೆಲಸದಲ್ಲಿದ್ದಾಳೆ, ಕೂತು ಮಾಡುವ ಕೆಲಸ. ಭಾನುವಾರ ಫೋನು ಮಾಡಿದಾಗ ಊಟ ಆಯ್ತಾ ಎಂದು ಕೇಳುವ ಮುಂಚೆಯೇ, “ಅಪ್ಪ, ಪಾದ ನೋಡ್ಕೊಂಡ್ರಾ?” ಎನ್ನುತ್ತಾಳೆ. ನೋಡಿಕೊಂಡೆ ಎನ್ನುತ್ತೇನೆ. ನೋಡಿಕೊಂಡಿರುತ್ತೇನೆ ಕೂಡ. ಆಮೇಲೆ, “ನಿನ್ನದು?” ಎಂದು ಕೇಳುತ್ತೇನೆ.